ಸೀಸದ ಗುಂಡು ಎರಕ ಹೊಯ್ಯುವುದನ್ನು ಕಲಿಸುತ್ತೇನೆ ಅಂತ ಪಕ್ಕದ ಬೀದಿಯ ಅಜ್ಜ ಕರೆಯುತ್ತಿದ್ದಾರೆ, ಹೋಗಲಾ?

ಓಹಾಯೋ_ಹಾಸನ

ಎಲ್ಲರಿಗೂ ನಮಸ್ಕಾರ. ನಾನಿರುವುದು ಓಹಾಯೋದಲ್ಲಿ, ಕೊಲಂಬಸ್ ಹತ್ತಿರ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಪಾಯಿಂಟ್ 38ರ ರಿವಾಲ್ವರ್ ಒಂದನ್ನು ತಗೊಂಡೆ. ಕಾಗದದ ಗುರಿಗೆ ಹೊಡೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ.

ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಒಬ್ಬ ಅಜ್ಜ ಪರಿಚಯ ಆದರು. ಮನೆ ನಮ್ಮ ಪಕ್ಕದ ಬೀದಿಯಲ್ಲೇ. ವಯಸ್ಸಿದ್ದಾಗ ಕ್ಯಾಂಪ್ ಪೆರಿಯ ರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗೆ ತಪ್ಪದೆ ಹೋಗುತ್ತಿದ್ದವರಂತೆ. ಅಂಗಡಿಯಿಂದ ಗುಂಡು ತರುವುದೇ ಇಲ್ಲ. ಗ್ಯಾರೇಜಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತಾವೇ ಮಾಡಿಕೊಳ್ಳುತ್ತಾರೆ. ನನಗೂ ಕಲಿಸುತ್ತೇನೆ, ಶನಿವಾರ ಬಾ ಅಂದಿದ್ದಾರೆ.

ಆಸೆ ಇದೆ. ಆದರೆ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಸೀಸ ಅಂದ ಕೂಡಲೇ ನನ್ನ ಹೆಂಡತಿ "ಆ ಬಟ್ಟೆಯಲ್ಲಿ ಮನೆಯೊಳಗೆ ಕಾಲಿಟ್ಟರೆ ನೋಡಿ" ಅಂದಳು. ಇನ್ನೊಂದು ವಿಷಯ, ಅಜ್ಜ ಥರ್ಮಾಮೀಟರ್ ಇಟ್ಟುಕೊಂಡಿಲ್ಲ. ಒಣ ಪೈನ್ ಕಡ್ಡಿಯನ್ನು ಸೀಸದಲ್ಲಿ ಅದ್ದುತ್ತಾರೆ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಹದ ಬಂತು, ಕಪ್ಪಾಗಿ ಹೊಗೆ ಎದ್ದರೆ ಬಿಸಿ ಜಾಸ್ತಿ ಅಂತ ಲೆಕ್ಕ. ಇದು ನಂಬುವಂಥದ್ದಾ? ದುಡ್ಡೇನಾದರೂ ಉಳಿಯುತ್ತಾ? ಇಲ್ಲಿ ಯಾರಾದರೂ ಈ ಕೆಲಸ ಮಾಡಿದವರಿದ್ದರೆ ಹೇಳಿ.

ಸುಮ್ನೆ_ಓದುಗ

ನಮ್ಮವರು ಅಮೆರಿಕಕ್ಕೆ ಹೋಗಿ ಉಪ್ಪಿನಕಾಯಿ ಹಾಕುವುದನ್ನು ಕಲಿಯುತ್ತಾರೆ ಅಂತ ಗೊತ್ತಿತ್ತು. ಇದು ಹೊಸದು.

ಟೆಕ್ಸಾಸ್_ತಿಪಟೂರು

ಕಣ್ಣು ಮುಚ್ಚಿಕೊಂಡು ಹೋಗಿ. ಈ ವಿದ್ಯೆ ವಿಡಿಯೊ ನೋಡಿ ಅರ್ಧ ಬರುತ್ತದೆ, ಉಳಿದರ್ಧ ಪಕ್ಕದಲ್ಲಿ ಕೂತು ನೋಡಿದರೇ ಬರುವುದು. ಅಂಥ ಅಜ್ಜಂದಿರು ಈಗ ಸಿಗುವುದೇ ಕಷ್ಟ.

ದುಡ್ಡಿನ ವಿಷಯಕ್ಕೆ ಬರೋಣ. ಒಂದು ಪೌಂಡ್ ಅಂದರೆ 7000 ಗ್ರೇನ್. ಪಾಯಿಂಟ್ 38ರಲ್ಲಿ ಕಾಗದದ ಗುರಿಗೆ ಹೊಡೆಯುವವರು ಬಳಸುವುದು ವ್ಯಾಡ್‌ಕಟ್ಟರ್, ಮುಂದೆ ಚಪ್ಪಟೆ ಇರುವ ಗುಂಡು. ಕಾಗದದಲ್ಲಿ ದುಂಡಗೆ ನೀಟಾಗಿ ತೂತು ಬೀಳುತ್ತದೆ, ಅಂಕ ಎಣಿಸುವುದಕ್ಕೆ ಜಗಳ ಇಲ್ಲ. ಅದು 148 ಗ್ರೇನ್ ತೂಗುತ್ತದೆ. ಅಂದರೆ ಪೌಂಡಿಗೆ 47 ಗುಂಡು. ಸೀಸ ಅಗ್ಗಕ್ಕೆ ಸಿಕ್ಕರೆ ಲಾಭವೇ. ಆದರೆ ಮದ್ದು, ಅದಕ್ಕೆ ಕಿಡಿ ಹಚ್ಚುವ ಪ್ರೈಮರ್ ಅಂಗಡಿಯಿಂದಲೇ ತರಬೇಕು, ಈಗ ದುಬಾರಿ ಆಗಿರುವುದೂ ಅವೇ. ಪಾತ್ರೆ, ಅಚ್ಚು, ಗುಂಡನ್ನು ಸರಿಯಾದ ಅಳತೆಗೆ ತರುವ ಡೈ ಎಲ್ಲ ಸೇರಿದರೆ ದುಡ್ಡು ಉಳಿಸುವ ಮಾತು ಮರೆತುಬಿಡಿ. ಅದೇ ಖರ್ಚಿನಲ್ಲಿ ಜಾಸ್ತಿ ಹೊಡೆಯುತ್ತೀರಿ, ಅಷ್ಟೇ.

ಕಡ್ಡಿ ನಂಬಬಹುದು. ನಾನೂ ಹಾಗೇ ಕಲಿತದ್ದು.

ಬೆಳಗಾವಿ_ಫೌಂಡ್ರಿ

ಕಡ್ಡಿ ನಂಬಬಹುದಂತ! ರೀ, ನಾನು ಇಪ್ಪತ್ತು ವರ್ಷದಿಂದ ಎರಕದ ಕೆಲಸದಲ್ಲೇ ಇದ್ದೇನೆ. ನಮ್ಮದು ಬೀಡು ಕಬ್ಬಿಣ, 1350 ಡಿಗ್ರಿ ಮೇಲಿನ ಮಾತು. ಬಿಸಿ ಅಳೆಯುವ ಪೈರೋಮೀಟರ್ ಹಾಕದೆ ಲೋಹ ಸುರಿದವನನ್ನು ಅವತ್ತೇ ಮನೆಗೆ ಕಳಿಸುತ್ತಾರೆ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ತವರ 232ಕ್ಕೆ. ಎರಡೂ ಸೇರಿದರೆ ಇನ್ನೂ ಕೆಳಗೇ ಕರಗುತ್ತವೆ. ನಿಮ್ಮ ಕೆಲಸಕ್ಕೆ 370ರಿಂದ 400ರ ಆಸುಪಾಸು ಬೇಕು. ಮರದ ಕಡ್ಡಿ ಎಷ್ಟು ಒಣಗಿದೆ, ಎಷ್ಟು ಹೊತ್ತು ಅದ್ದಿದ್ದೀರಿ ಅನ್ನುವುದರ ಮೇಲೆ ಅದರ ಬಣ್ಣ ಇರುತ್ತದೆ. ಅದನ್ನು ನೋಡಿ ನಲವತ್ತು ಡಿಗ್ರಿ ವ್ಯತ್ಯಾಸ ಹೇಳುವುದಕ್ಕೆ ಯಾರ ಅಜ್ಜನಿಂದಲೂ ಆಗಲ್ಲ. ಒಂದು ಥರ್ಮಾಮೀಟರ್ ತಗೊಂಡು ಹೋಗಿ.

ಟೆಕ್ಸಾಸ್_ತಿಪಟೂರು

ಬೆಳಗಾವಿಯವರೇ, ನೀವು ಹೇಳುವುದು ಪಾತ್ರೆಯ ಬಿಸಿ. ಗುಂಡು ಚೆನ್ನಾಗಿ ಬರುವುದು ಅಚ್ಚಿನ ಬಿಸಿಯಿಂದ. ಪಾತ್ರೆ 380ರಲ್ಲೇ ನಿಂತಿರಲಿ, ನೀವು ನಿಧಾನಕ್ಕೆ ಹೊಯ್ದರೆ ಅಚ್ಚು ತಣ್ಣಗಾಗುತ್ತದೆ. ಬೇಗ ಬೇಗ ಹೊಯ್ದರೆ ಕಾಯುತ್ತದೆ. ಯಾವ ಥರ್ಮಾಮೀಟರ್ ಇದನ್ನು ಹೇಳುತ್ತದೆ? ಗುಂಡನ್ನೇ ನೋಡಬೇಕು.

ಮೈಮೇಲೆ ಸುಕ್ಕು ಬಿದ್ದಿದ್ದರೆ ಅಚ್ಚು ತಣ್ಣಗಿದೆ, ಇಲ್ಲ ಅಚ್ಚಿನಲ್ಲಿ ಎಣ್ಣೆ ಜಿಡ್ಡು ಉಳಿದಿದೆ. ಮಂಜು ಕೂತ ಹಾಗೆ ಬೆಳ್ಳಗೆ ಮಸುಕಾಗಿದ್ದರೆ ಬಿಸಿ ಜಾಸ್ತಿ. ಮಸುಕಾದದ್ದು ಹೊಡೆಯುವುದಕ್ಕೆ ಏನೂ ತೊಂದರೆ ಇಲ್ಲ, ಸುಕ್ಕಿನದು ಮಾತ್ರ ವಾಪಸ್ ಪಾತ್ರೆಗೆ. ಬುಡದ ಅಂಚು ಚೂಪಾಗಿ ಬರದೆ ದುಂಡಗಾಗಿದ್ದರೆ ಮೊದಲು ಬಿಸಿ ಏರಿಸಿ, ಆಮೇಲೂ ಬರದಿದ್ದರೆ ಚೂರು ತವರ ಹಾಕಿ. ನಳಿಗೆ ಬಿಡುವಾಗ ಗುಂಡಿನಲ್ಲಿ ಕೊನೆಗೆ ಈಚೆ ಬರುವುದು ಆ ಬುಡ. ಅದು ಒಂದು ಕಡೆ ಸವೆದಂತಿದ್ದರೆ ಗುಂಡು ಎಲ್ಲೋ ಹೋಗುತ್ತದೆ. ಮೂತಿಯಲ್ಲಿ ಕಲೆ ಇದ್ದರೂ ನಡೆಯುತ್ತದೆ, ಬುಡದಲ್ಲಿ ಇರಬಾರದು.

ಮತ್ತೆ, ಶುರುವಿನ ಗುಂಡುಗಳು ಯಾವತ್ತೂ ಕೆಡುತ್ತವೆ. ಮೊದಲ ದೋಸೆ ಕಾವಲಿಗೆ ಅಂಟುವುದಿಲ್ವಾ, ಹಾಗೆ. ಅಚ್ಚು ಕಾಯುವವರೆಗೆ ಹೊಯ್ಯುತ್ತಾ ಇರಿ, ಎಲ್ಲವನ್ನೂ ಮತ್ತೆ ಪಾತ್ರೆಗೆ ಹಾಕಿ.

ಬೆಳಗಾವಿ_ಫೌಂಡ್ರಿ

ಅಚ್ಚಿನ ಬಿಸಿ ಮುಖ್ಯ ಅನ್ನುವುದು ನಮಗೂ ಗೊತ್ತು ಸರ. ಅದಕ್ಕೇ ಪಾತ್ರೆಯ ಬಿಸಿ ಒಂದೇ ಕಡೆ ನಿಂತಿರಬೇಕು ಅನ್ನುವುದು. ಎರಡೂ ಅಲ್ಲಾಡುತ್ತಿದ್ದರೆ ಯಾವುದನ್ನು ಸರಿ ಮಾಡುತ್ತೀರಿ?

ಎಚ್‌ಒನ್_ಹುಡುಗ

ನಡುವೆ ಒಂದು ಪ್ರಶ್ನೆ. ನಾನಿನ್ನೂ ಎಚ್‌-1ಬಿ ವೀಸಾದಲ್ಲಿದ್ದೇನೆ. ಬಂದೂಕು ಬೇಡ, ಸುಮ್ನೆ ಹವ್ಯಾಸಕ್ಕೆ ಗುಂಡು ಎರಕ ಹೊಯ್ದರೆ ಏನೂ ತೊಂದರೆ ಇಲ್ಲ ಅಲ್ವಾ? ಅದು ಬರೀ ಸೀಸದ ತುಂಡು ತಾನೇ?

ವಕೀಲ_ಸಾಹೇಬ

ತೊಂದರೆ ಇದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಾನ್‌ಇಮಿಗ್ರಂಟ್ ವೀಸಾದವರು (ಎಚ್-1ಬಿ ಸಹ) ಬಂದೂಕನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಮದ್ದುಗುಂಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಇನ್ನೂ ಒಂದೆರಡು ವಿನಾಯಿತಿಗಳಿವೆ. ಮದ್ದುಗುಂಡು ಅಂದರೆ ಪೂರ್ತಿ ತೋಟಾ ಮಾತ್ರ ಅಂದುಕೊಳ್ಳಬೇಡಿ. ಖಾಲಿ ಕೇಸು, ಪ್ರೈಮರ್, ಮದ್ದು, ಬರೀ ಗುಂಡು, ಇವೆಲ್ಲವೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ನಿಮ್ಮ ಸೀಸದ ತುಂಡು ಅಚ್ಚಿನಿಂದ ಈಚೆ ಬಿದ್ದ ಕ್ಷಣ ಮದ್ದುಗುಂಡು ಆಯಿತು. ಗ್ರೀನ್ ಕಾರ್ಡ್ ಬರುವವರೆಗೆ ಕೈ ಕಟ್ಟಿಕೊಂಡು ಕೂತಿರಿ.

ಮೂಲ ಪ್ರಶ್ನೆ ಕೇಳಿದವರಿಗೆ: ಸ್ವಂತ ಬಳಕೆಗೆ ಮಾಡಿಕೊಳ್ಳುವುದಕ್ಕೆ ಫೆಡರಲ್ ಲೈಸೆನ್ಸ್ ಬೇಡ. ಮಾರುವುದಕ್ಕೆ ಹೊರಟರೆ ಬೇಕು. ಗೆಳೆಯರಿಗೆ "ಖರ್ಚು ಮಾತ್ರ ಕೊಡು" ಅಂತ ಕೊಡುವುದನ್ನೂ ಶುರು ಮಾಡಬೇಡಿ.

ಎಚ್‌ಒನ್_ಹುಡುಗ

ಅಯ್ಯೋ. ಕೇಳಿದ್ದು ಒಳ್ಳೆಯದಾಯಿತು. ಧನ್ಯವಾದ ಸರ್.

ಮಡಿಕೇರಿ_ಮಂಜು

ನಮ್ಮ ಕೊಡಗಿನಲ್ಲಿ ಇದೆಲ್ಲ ಹಳೆಯ ಸುದ್ದಿ. ನಮ್ಮ ತಾತನ ಹತ್ತಿರ ಕೇಪಿನ ಕೋವಿ ಇತ್ತು. ಗುಂಡಿನ ಅಚ್ಚು ಇಕ್ಕುಳದ ಥರ ಇರುತ್ತಿತ್ತು, ಬಾಯಲ್ಲಿ ಒಂದು ಗುಂಡಿ. ಅಡುಗೆಮನೆ ಒಲೆಯ ಮೇಲೇ ಸೀಸ ಕರಗಿಸುತ್ತಿದ್ದರಂತೆ. ಅಜ್ಜಿ ಬೈಯುತ್ತಿದ್ದದ್ದು ಸೌಟು ಹಾಳಾಯಿತು ಅಂತ, ವಿಷದ ಯೋಚನೆ ಯಾರಿಗೂ ಇರಲಿಲ್ಲ. ಈಗ ಅದೆಲ್ಲ ಇಲ್ಲ. ನಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗಳನ್ನು ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಹೊಡೆಯುತ್ತೇವೆ. ತೋಟಾ ಅಂಗಡಿಯಿಂದ ಬರುತ್ತದೆ.

ನಮಗಂತೂ ಲೈಸೆನ್ಸ್ ಗೋಜಿಲ್ಲ.

ವಕೀಲ_ಸಾಹೇಬ

ಮಂಜು ಅವರೇ, ಇದನ್ನು ಓದಿ ಯಾರಾದರೂ ಮನೆಯಲ್ಲಿ ಸೀಸ ಕಾಯಿಸಿಯಾರು, ಅದಕ್ಕೆ ಹೇಳುತ್ತೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನಿನವರು) ಇರುವುದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಅದನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅದಕ್ಕೂ ವಿನಾಯಿತಿ ಪತ್ರ ಬೇಕು. ಮದ್ದುಗುಂಡು ತಯಾರಿಸುವುದು ಬೇರೆಯದೇ ವಿಷಯ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್. ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಭಾರತದಲ್ಲಿ ಇರುವವರು ಈ ಚರ್ಚೆಯನ್ನು ಓದಿ ಸುಮ್ಮನಿರುವುದು ಉತ್ತಮ.

ಮಡಿಕೇರಿ_ಮಂಜು

ಪತ್ರ ಬೇಕು, ಒಪ್ಪಿದೆ. ಎಲೆಕ್ಷನ್ ಬಂದಾಗ ಠಾಣೆಗೆ ಒಯ್ದು ಇಡುವ ಗೋಳಿನ ಬಗ್ಗೆಯೂ ಒಂದು ಚರ್ಚೆ ಶುರು ಮಾಡಿ ಹಾಗಾದರೆ.

ಡಾಕ್ಟ್ರಮ್ಮ

ಮೂರು ವರ್ಷದ ಮಗು ಇದೆ ಅಂದಿರಿ. ಉಳಿದದ್ದೆಲ್ಲ ಆಮೇಲೆ ಮಾತಾಡಿಕೊಳ್ಳಿ, ಇದನ್ನು ಮೊದಲು ಓದಿ.

ಎಲ್ಲರೂ ಹೆದರುವುದು ಆವಿಗೆ. ಸೀಸ ಕುದಿಯುವುದು 1749 ಡಿಗ್ರಿಗೆ. ನೀವು ಕಾಯಿಸುವ ಮಟ್ಟದಲ್ಲಿ ಆವಿ ತೀರಾ ಕಡಿಮೆ. ನಿಜವಾದ ಅಪಾಯ ಧೂಳು. ಪಾತ್ರೆಯ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ ಇದೆಯಲ್ಲ, ಅದು ಪುಡಿ ಪುಡಿ. ಕೈಗೆ ಅಂಟುತ್ತದೆ, ಶೂ ಅಡಿಗೆ, ಪ್ಯಾಂಟಿನ ಮಡಿಕೆಗೆ, ಕಾರಿನ ಸೀಟಿಗೆ. ಅಲ್ಲಿಂದ ಕಾರ್ಪೆಟ್. ಕಾರ್ಪೆಟ್ ಮೇಲೆ ಆಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಎಷ್ಟೋ ಜಾಸ್ತಿ ಹೀರಿಕೊಳ್ಳುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಸೀಸಕ್ಕೆ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು. ಅದರ ಕೆಳಗಿದ್ದರೆ ಕ್ಷೇಮ ಅಂತ ಅರ್ಥ ಅಲ್ಲ. ಮಕ್ಕಳಿಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ.

ಆದ್ದರಿಂದ ಕಲಿಯುವುದಾದರೆ ಕಲಿಯಿರಿ, ಅಜ್ಜನ ಗ್ಯಾರೇಜಿನಲ್ಲೇ ಮುಗಿಸಿ ಬನ್ನಿ. ಪ್ರತ್ಯೇಕ ಬಟ್ಟೆ, ಪ್ರತ್ಯೇಕ ಶೂ, ಅವು ಅಲ್ಲೇ ಇರಲಿ. ಅಲ್ಲಿ ಕಾಫಿ ಬೇಡ, ತಿಂಡಿ ಬೇಡ, ಫೋನ್ ಮುಟ್ಟುವುದೂ ಬೇಡ. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿರಲಿ. ಕೈ ತೊಳೆದು, ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಆಮೇಲೆ ಮಗಳನ್ನು ಎತ್ತಿಕೊಳ್ಳಿ. ಶುರು ಮಾಡುವ ಮೊದಲೇ ನಿಮ್ಮದೂ ಮಗಳದೂ ರಕ್ತ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಹೋಲಿಸಿ ನೋಡುವುದಕ್ಕೆ ಒಂದು ಅಂಕಿ ಇರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಈ ಹವ್ಯಾಸವನ್ನು ಮುಂದಕ್ಕೆ ಹಾಕಿ, ಚರ್ಚೆಯೇ ಬೇಡ.

ಟೆಕ್ಸಾಸ್_ತಿಪಟೂರು

ಡಾಕ್ಟ್ರಮ್ಮ ಹೇಳಿದ್ದಕ್ಕೆ ನನ್ನದೊಂದು ಸಹಿ. ಒಂದು ಸೇರಿಸುತ್ತೇನೆ: ಎರಕಕ್ಕಿಂತ ರೇಂಜಿನಲ್ಲಿ ಹೊಡೆಯುವಾಗಲೇ ಜಾಸ್ತಿ ಸೀಸ ಮೈಗೆ ಹೋಗುವುದುಂಟು, ಅದರಲ್ಲೂ ಗಾಳಿ ಆಡದ ಒಳಾಂಗಣ ರೇಂಜಿನಲ್ಲಿ. ಪ್ರೈಮರಿನಲ್ಲೂ ಸೀಸ ಇರುತ್ತದೆ. ಆ ಶೂ ಕೂಡ ಮನೆಯೊಳಗೆ ಬೇಡ.

ಮೊಳೆ_ಮನೆ

ನಮ್ಮ ತಂದೆ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಅಚ್ಚುಮೊಳೆ ಅಂದರೆ ಸೀಸ, ಆಂಟಿಮನಿ, ತವರ. ನಿಮ್ಮ ಗುಂಡಿನ ಮಿಶ್ರಲೋಹವೂ ಅದೇ ಮೂರು ಅಲ್ವಾ? ಸವೆದ ಮೊಳೆಗಳನ್ನು ಮತ್ತೆ ಕರಗಿಸುವುದಕ್ಕೆ ಕಳಿಸುತ್ತಿದ್ದರು. ಅಪ್ಪನಿಗೆ ದಿನಾ ಸಂಜೆ ಹಾಲು, ಬೆಲ್ಲ ಕೊಡಲೇಬೇಕು ಅಂತ ಅಜ್ಜಿಯ ಕಟ್ಟಪ್ಪಣೆ. ಸೀಸ ಇಳಿಯುತ್ತದೆ ಅನ್ನುತ್ತಿದ್ದರು.

ಡಾಕ್ಟ್ರಮ್ಮ

ಹಾಲಿನಿಂದ ಸೀಸ ಇಳಿಯಲ್ಲ. ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಹೀರುತ್ತದೆ, ಹೊಟ್ಟೆ ತುಂಬಿದ್ದರೆ ಸ್ವಲ್ಪ ಕಡಿಮೆ, ಅಷ್ಟು ಮಟ್ಟಿಗೆ ಅಜ್ಜಿಯ ಮಾತಿಗೆ ಅರ್ಥ ಇದೆ. ಒಳಗೆ ಹೋದ ಸೀಸ ರಕ್ತದಲ್ಲಿ ಅರ್ಧ ಆಗುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಮೂಳೆಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ.

ಸುಮ್ನೆ_ಓದುಗ

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೂ ಹೀಗೇ ಸೀಸದ ಮೊಳೆಯಲ್ಲಿ ಬಂದದ್ದು ಅಂತ ನೆನೆದರೆ ರೋಮಾಂಚನ.

ಮೊಳೆ_ಮನೆ

ರೋಮಾಂಚನ ತಡೆಯಿರಿ. 1843ರ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಬಂದದ್ದು. ಮೊಳೆ ಅಲ್ಲ.

ಟೆಕ್ಸಾಸ್_ತಿಪಟೂರು

ಮೊಳೆ ಮನೆಯವರು ಒಳ್ಳೆಯ ವಿಷಯ ತೆಗೆದರು. ಇಲ್ಲಿ ಎರಕದವರಿಗೆ ಲೈನೋಟೈಪ್ ಅನ್ನುವ ಹಳೆಯ ಮುದ್ರಣ ಯಂತ್ರದ ಲೋಹ ಸಿಕ್ಕರೆ ಹಬ್ಬ. ನೂರರಲ್ಲಿ 84 ಪಾಲು ಸೀಸ, 12 ಆಂಟಿಮನಿ, 4 ತವರ. ಗಡಸುತನ ಬ್ರಿನೆಲ್ ಅಳತೆಯಲ್ಲಿ 22ರ ಹತ್ತಿರ. ಶುದ್ಧ ಸೀಸ ಬರೀ 5, ಉಗುರಿನಲ್ಲಿ ಗೀರಬಹುದು. ಹಾಗಂತ ಲೈನೋಟೈಪನ್ನೇ ಪೂರ್ತಿ ಹಾಕಬೇಡಿ, ಮೆತ್ತಗಿನ ಸೀಸಕ್ಕೆ ಚೂರು ಚೂರು ಬೆರೆಸಿಕೊಳ್ಳಿ. ಪಾಯಿಂಟ್ 38ರ ವ್ಯಾಡ್‌ಕಟ್ಟರ್ ನಿಧಾನಕ್ಕೆ ಹೋಗುವ ಗುಂಡು. ಅದಕ್ಕೆ ಗಡಸು ಬೇಕಾಗಿಯೇ ಇಲ್ಲ. ಹೊಸಬರು ಗಡಸು ಮಾಡಿ ಮಾಡಿ, ಆಮೇಲೆ ನಳಿಗೆಯಲ್ಲಿ ಸೀಸ ಅಂಟುತ್ತದೆ ಅಂತ ಅಳುತ್ತಾರೆ.

ಕುಂದಾಪ್ರದ_ಕಡಲು

ನಮ್ಮಲ್ಲಿ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಾರೆ. ನಮ್ಮ ಚಿಕ್ಕಪ್ಪ ಮನೆಯ ಹಿಂದೆ ಅದನ್ನು ಎರೆಯುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಮಾಡುತ್ತಿರಲಿಲ್ಲ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಸೀಸ ಪಟ್ ಅಂತ ಹಾರುತ್ತದೆ. ಅವರ ಮೊಣಕೈಯಲ್ಲಿ ಅದರ ಕಲೆ ಇನ್ನೂ ಇದೆ.

ಹಳೆಯ ಬ್ಯಾಟರಿ ಒಡೆದರೆ ಬೇಕಾದಷ್ಟು ಸೀಸ ಸಿಗುತ್ತದೆ ಅಲ್ವಾ? ಅಲ್ಲಿ ಅಮೆರಿಕದಲ್ಲೂ ಹಾಗೇ ಮಾಡಬಹುದಲ್ಲ.

ಬೆಳಗಾವಿ_ಫೌಂಡ್ರಿ

ಬ್ಯಾಟರಿ ಮುಟ್ಟಬೇಡಿ! ಯಾವ ದೇಶದಲ್ಲೂ ಮುಟ್ಟಬೇಡಿ. ಪ್ಲೇಟಿನಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಎಲ್ಲ ಇರುತ್ತವೆ, ಜೊತೆಗೆ ಆಮ್ಲ. ಅದನ್ನು ಕರಗಿಸಿ ಕಿಟ್ಟ ತೆಗೆದು ಹೊರಗೆ ಹಾಕಿದಾಗ ಅದಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಅನ್ನುವ ಅನಿಲ ಏಳಬಹುದು. ಭಾಳ ಕೆಟ್ಟ ವಿಷ. ಹಳೆಯ ಬ್ಯಾಟರಿಯನ್ನು ಅಂಗಡಿಗೆ ವಾಪಸ್ ಕೊಡಿ.

ನೀರಿನ ಮಾತು ಚಿಕ್ಕಪ್ಪ ಸರಿಯಾಗಿ ಹೇಳಿದ್ದಾರೆ. ನೀರು ಸೀಸದ ಮೇಲೆ ಬಿದ್ದರೆ ಚುರ್ ಅಂತ ಆರಿ ಹೋಗುತ್ತದೆ. ಒಳಗೆ ಸಿಕ್ಕಿಕೊಂಡರೆ ಮಾತ್ರ ಒಂದೇ ಸಲಕ್ಕೆ ಉಗಿಯಾಗಿ ಪಾತ್ರೆಯಲ್ಲಿದ್ದದ್ದನ್ನೆಲ್ಲ ಛಾವಣಿಗೆ ಎಸೆಯುತ್ತದೆ. ಆದ್ದರಿಂದ ಕಾದ ಸೀಸಕ್ಕೆ ಹೊಸ ತುಂಡು ಹಾಕುವ ಮುಂಚೆ ಅದನ್ನು ಪಾತ್ರೆಯ ಅಂಚಿನಲ್ಲಿಟ್ಟು ಕಾಯಿಸಬೇಕು. ಹಣೆ ಬೆವರನ್ನೂ ನೋಡಿಕೊಳ್ಳಿ. ಪೂರ್ತಿ ಮುಖ ಮುಚ್ಚುವ ಶೀಲ್ಡ್, ಚರ್ಮದ ಗ್ಲೌಸ್, ಕಾಟನ್ ಬಟ್ಟೆ. ನೈಲಾನ್ ಬೇಡ, ಮೈಗೇ ಕರಗಿ ಅಂಟುತ್ತದೆ.

ಟೆಕ್ಸಾಸ್_ತಿಪಟೂರು

ರೇಂಜಿನ ಮಣ್ಣಿನಿಂದ ಹೆಕ್ಕಿದ ಗುಂಡುಗಳಲ್ಲೂ ಇದೇ ಕಥೆ. ತಾಮ್ರದ ಕವಚದೊಳಗೆ ನೀರು ಅಡಗಿ ಕೂತಿರುತ್ತದೆ. ಅದನ್ನು ತಣ್ಣನೆ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ನಿಧಾನಕ್ಕೆ ಕಾಯಿಸಬೇಕು. ಇನ್ನೂ ದೊಡ್ಡ ಅಪಾಯ, ಆ ರಾಶಿಯಲ್ಲಿ ಸಿಡಿಯದ ಜೀವಂತ ತೋಟಾ ಸಿಗುವುದುಂಟು. ಒಂದೊಂದನ್ನೂ ಕಣ್ಣಲ್ಲಿ ನೋಡಿ ಆರಿಸಿ.

ಕನೆಕ್ಟಿಕಟ್_ಕಾವ್ಯ

ಓದುತ್ತಾ ಓದುತ್ತಾ ಒಂದು ನೆನಪಾಯಿತು. ನಮ್ಮ ರಾಜ್ಯದ ಲಿಚ್‌ಫೀಲ್ಡ್ ಅನ್ನುವ ಊರಿನವರು ಈ ಕೆಲಸದಲ್ಲಿ ಎಲ್ಲರಿಗೂ ಹಿರಿಯರು. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಜನ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಕೆಡವಿದರು. ಚೂರುಗಳನ್ನು ಲಿಚ್‌ಫೀಲ್ಡಿಗೆ ಸಾಗಿಸಿ, ಅಲ್ಲಿನ ಹೆಂಗಸರು, ಮಕ್ಕಳೆಲ್ಲ ಸೇರಿ ಗುಂಡು ಎರೆದರು. ಯಾರು ಎಷ್ಟು ಮಾಡಿದರು ಅಂತ ಬರೆದಿಟ್ಟ ಲೆಕ್ಕವೂ ಉಳಿದಿದೆ: ಒಟ್ಟು 42,088. ದೊರೆಯ ಪ್ರತಿಮೆ ದೊರೆಯ ಸೈನ್ಯದ ಮೇಲೇ ಹೋಯಿತು.

ಮಡಿಕೇರಿ_ಮಂಜು

ಇದು ಚೆನ್ನಾಗಿದೆ. ಕೋವಿಯ ಚರೆ ಹೇಗೆ ಅಷ್ಟು ದುಂಡಗೆ ಮಾಡುತ್ತಿದ್ದರು? ಅಷ್ಟು ಸಣ್ಣದಕ್ಕೆ ಅಚ್ಚು ಕಷ್ಟ.

ಕನೆಕ್ಟಿಕಟ್_ಕಾವ್ಯ

ಅಚ್ಚೇ ಇಲ್ಲ. ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ತಗೊಂಡ ಉಪಾಯ. ಎತ್ತರದ ಗೋಪುರದ ಮೇಲಿಂದ ಜರಡಿಯಲ್ಲಿ ಸೀಸ ಸುರಿಯುವುದು. ಬೀಳುತ್ತಾ ಬೀಳುತ್ತಾ ಹನಿ ತಾನೇ ದುಂಡಗಾಗುತ್ತದೆ, ಕೆಳಗೆ ನೀರಿನ ತೊಟ್ಟಿ. ಬಾಲ್ಟಿಮೋರಿನಲ್ಲಿ 1828ರ ಒಂದು ಗೋಪುರ ಇನ್ನೂ ನಿಂತಿದೆ, 234 ಅಡಿ. ಆ ಕಡೆ ಹೋದರೆ ನೋಡಿ ಬನ್ನಿ.

ಕುಂದಾಪ್ರದ_ಕಡಲು

ಇಂಗ್ಲೆಂಡಿನಲ್ಲಿ ಗಾಳದ ಸೀಸವನ್ನೇ ನಿಷೇಧಿಸಿದ್ದಾರೆ ಅಂತ ಅಲ್ಲಿರುವ ನಮ್ಮ ಭಾವ ಹೇಳುತ್ತಾರೆ. ಹೌದಾ?

ಕನೆಕ್ಟಿಕಟ್_ಕಾವ್ಯ

ಹೌದು, 1987ರಿಂದ. ಹಂಸಗಳು ಕೆಸರಿನಲ್ಲಿ ಬಿದ್ದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದವು. ತೀರಾ ಪುಟಾಣಿ ಮಣಿ ಮತ್ತು ಒಂದು ಔನ್ಸ್ ಮೇಲಿನ ದೊಡ್ಡ ತೂಕ ಬಿಟ್ಟು ಉಳಿದದ್ದಕ್ಕೆ ನಿಷೇಧ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಬೇಟೆಗೆ ಸೀಸದ ಗುಂಡನ್ನು 2019ರ ಜುಲೈಯಿಂದ ಪೂರ್ತಿ ನಿಲ್ಲಿಸಿದರು, ಕಾಂಡೋರ್ ಹದ್ದುಗಳನ್ನು ಉಳಿಸುವುದಕ್ಕೆ.

ಟೆಕ್ಸಾಸ್_ತಿಪಟೂರು

ಕ್ಯಾಲಿಫೋರ್ನಿಯಾದ ಮಾತು ತೆಗೆಯಬೇಡಿ, ಬಿಪಿ ಏರುತ್ತದೆ.

ಮೇಲ್ವಿಚಾರಕ

ಅಲ್ಲಿಗೇ ನಿಲ್ಲಿಸಿ. ಕ್ಯಾಲಿಫೋರ್ನಿಯಾ ರಾಜಕೀಯಕ್ಕೆ ಬೇರೆ ವಿಭಾಗ ಇದೆ. ಎಲೆಕ್ಷನ್ ಕೋವಿಗೂ.

ಓಹಾಯೋ_ಹಾಸನ

ಎಲ್ಲರಿಗೂ ಧನ್ಯವಾದ. ಹೋಗಿ ಬಂದೆ. ಬೆಳಗಾವಿಯವರ ಮಾತಿಗೆ ಒಂದು ಥರ್ಮಾಮೀಟರ್ ಕೊಂಡು ಒಯ್ದೆ. ಅಜ್ಜ ಅದನ್ನು ತಿರುಗಿಸಿ ನೋಡಿ ಬದಿಗಿಟ್ಟರು, ನಕ್ಕರು, ಬೇಡ ಅನ್ನಲಿಲ್ಲ.

ಮೊದಲ ದಿನ ಪಾತ್ರೆ ಮುಟ್ಟುವುದಕ್ಕೆ ಬಿಡಲೇ ಇಲ್ಲ. ಒಂದು ಬಕೆಟ್ ತುಂಬಾ ಹಳೆಯ ವೀಲ್ ವೇಟ್ ಕೊಟ್ಟು, "ಆರಿಸು" ಅಂದರು. ಟೈರ್ ಅಂಗಡಿಯಿಂದ ತಂದದ್ದು, ಚಕ್ರದ ಬ್ಯಾಲೆನ್ಸಿಂಗಿಗೆ ಬಡಿಯುವ ತೂಕಗಳು. ಒಂದೊಂದನ್ನೂ ಕಟಿಂಗ್ ಪ್ಲೈಯರಿನಲ್ಲಿ ಕಚ್ಚಿ ನೋಡಬೇಕು. ಸೀಸ ಆದರೆ ಹಲ್ಲು ಮೆತ್ತಗೆ ಇಳಿಯುತ್ತದೆ. ಸತು ಆದರೆ ಜಾರುತ್ತದೆ, ಗೀರು ಕೂಡ ಸರಿಯಾಗಿ ಬೀಳಲ್ಲ. ಸತುವಿನದು ಒಂದು ಡಬ್ಬಕ್ಕೆ, ಕಬ್ಬಿಣದ್ದು ಇನ್ನೊಂದಕ್ಕೆ. ಕೈ ನೋವು ಬಂತು.

ಆಮೇಲೆ ಕರಗಿಸಿದರು. ಆ ತೂಕಗಳ ಕಬ್ಬಿಣದ ಕ್ಲಿಪ್ಪುಗಳೆಲ್ಲ ತೇಲಿ ಬಂದವು, ತೂತಿನ ಸೌಟಿನಲ್ಲಿ ತೆಗೆದರು. ಮೇಲೆ ಒಂದು ಹಿಡಿ ಮರದ ಹೊಟ್ಟು ಹಾಕಿದರು. ಅದು ಕರಕಾಗುತ್ತಾ ಬಂದಾಗ ಕಡ್ಡಿಯಿಂದ ತಳ, ಗೋಡೆ ಎಲ್ಲ ಕೆರೆದು ಕಲಕಿದರು. ಮೇಲಿದ್ದ ಮಂಕು ಹೋಗಿ ಸೀಸ ಕನ್ನಡಿ ಆಯಿತು. ಹೊಟ್ಟು ಯಾಕೆ ಅಂತ ಕೇಳಿದೆ. "ತವರ ವಾಪಸ್ ಒಳಗೆ ಹೋಗುತ್ತೆ, ಕೊಳೆ ಈಚೆ ಬರುತ್ತೆ" ಅಂದರು, ಅಷ್ಟೇ.

ಹೊಯ್ಯುವಾಗ ನಾನು ನೋಡಿದ್ದು ಅವರ ಕಣ್ಣು. ಅಚ್ಚಿನ ತಲೆಯ ಮೇಲೆ ಮಿಗುವ ಸೀಸದ ಉಂಡೆ ಇದೆಯಲ್ಲ, ಅದನ್ನೇ ನೋಡುತ್ತಿರುತ್ತಾರೆ. ಹೊಳೆಯುತ್ತಿದ್ದದ್ದು ನಡುವೆ ಚೂರು ಕುಗ್ಗಿ, ಒಮ್ಮೆಲೇ ಮಂಕಾಗುತ್ತದೆ. ಒಂದು ಉಸಿರು ತಡೆದು ಮರದ ಕೊಡತಿಯಿಂದ ಅಚ್ಚಿನ ಮೇಲಿನ ತಿರುಗುವ ಪ್ಲೇಟಿಗೆ ಟಕ್ ಅಂತ ಹೊಡೆಯುತ್ತಾರೆ. ಬೇಗ ಹೊಡೆದರೆ ಸೀಸ ಪ್ಲೇಟಿಗೆ ಬಳಿದುಕೊಂಡು ಬುಡ ಹರಿಯುತ್ತದೆ. ತಡ ಮಾಡಿದರೆ ಪ್ಲೇಟ್ ತಿರುಗುವುದೇ ಇಲ್ಲ. ಗುಂಡು ಬೀಳುವುದು ಮಡಿಸಿದ ಹಳೆಯ ಟವೆಲ್ ಮೇಲೆ.

ಬೆಳಗಾವಿಯವರೇ, ಕಡ್ಡಿ ಕಂದಾದಾಗ ನಿಮ್ಮ ಥರ್ಮಾಮೀಟರ್ 415 ತೋರಿಸಿತು. ಇದು ಜಾಸ್ತಿ ಅಲ್ವಾ?

ಬೆಳಗಾವಿ_ಫೌಂಡ್ರಿ

ನೋಡಿ, ನೋಡಿ! ಸತು ಕರಗುವುದು 419.5ಕ್ಕೆ. ಅಜ್ಜ ಹೊಸ್ತಿಲ ಮೇಲೇ ನಿಂತಿದ್ದಾರೆ. ಆರಿಸುವಾಗ ಕಣ್ತಪ್ಪಿ ಒಂದು ಸತುವಿನ ತೂಕ ಹೋಗಿದ್ದರೆ, 380ರಲ್ಲಿ ಅದು ತೇಲುತ್ತದೆ, ಸೌಟಿನಲ್ಲಿ ತೆಗೆದು ಬಿಸಾಡಬಹುದು. 415ರಿಂದ ಇನ್ನೊಂದು ಹತ್ತು ಡಿಗ್ರಿ ಏರಿದ್ದರೆ ಕರಗಿ ಎಲ್ಲದರ ಜೊತೆ ಸೇರುತ್ತಿತ್ತು. ಆಮೇಲೆ ಲೋಹ ಗಂಜಿ ಗಂಜಿ, ಅಚ್ಚು ತುಂಬುವುದೇ ಇಲ್ಲ. ಕಡ್ಡಿಗೆ 415ಕ್ಕೂ 425ಕ್ಕೂ ವ್ಯತ್ಯಾಸ ಗೊತ್ತಾಗುತ್ತಾ?

ಟೆಕ್ಸಾಸ್_ತಿಪಟೂರು

ಇದನ್ನು ಒಪ್ಪುತ್ತೇನೆ. ಗುಜರಿ ಕರಗಿಸುವಾಗ ಥರ್ಮಾಮೀಟರ್ ಇರಲಿ. ಆದರೆ ನೀವು ಮುಖ್ಯವಾದದ್ದನ್ನು ಬಿಟ್ಟಿರಿ. ಅಜ್ಜ ಪ್ಲೈಯರ್ ಕೊಟ್ಟು ಬಕೆಟ್ ಪೂರ್ತಿ ಆರಿಸಿದ್ದು ಯಾಕೆ? ಸತು ಪಾತ್ರೆಗೆ ಹೋಗದೇ ಇರಲಿ ಅಂತ. ಥರ್ಮಾಮೀಟರ್ ಇದ್ದವರು ಆ ಕೆಲಸ ಮಾಡದೆ ಸೋಮಾರಿಗಳಾಗುತ್ತಾರೆ. ಹೊಯ್ಯುವಾಗಂತೂ ನಾನು ಈಗಲೂ ಆ ಉಂಡೆಯನ್ನೇ ನೋಡುವುದು.

ಬೆಳಗಾವಿ_ಫೌಂಡ್ರಿ

ಆರಿಸುವುದೂ ಬೇಕು, ಅಳೆಯುವುದೂ ಬೇಕು. ಕರಗಿಸುವ ಪಾತ್ರೆ ಬೇರೆ, ಹೊಯ್ಯುವ ಪಾತ್ರೆ ಬೇರೆ ಇರಲಿ. ಗುಜರಿಯ ಕೊಳೆ ಹೊಯ್ಯುವ ಪಾತ್ರೆಗೆ ಬರಬಾರದು.

ಡಾಕ್ಟ್ರಮ್ಮ

ಆ ಟವೆಲ್ ಎಲ್ಲಿದೆ ಈಗ? ಕಿಟ್ಟ ಏನು ಮಾಡಿದರು?

ಓಹಾಯೋ_ಹಾಸನ

ಟವೆಲ್ ಅಜ್ಜನದೇ, ಅಲ್ಲೇ ಇದೆ ಮೇಡಂ. ಕಿಟ್ಟವನ್ನು ಮುಚ್ಚಳದ ತಗಡಿನ ಡಬ್ಬದಲ್ಲಿ ತುಂಬಿ ಹೆಸರು ಬರೆದಿಟ್ಟಿದ್ದಾರೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಒಯ್ದು ಕೊಡುತ್ತಾರಂತೆ. ನನ್ನ ಬಟ್ಟೆ, ಶೂ ಅವರ ಗ್ಯಾರೇಜಿನ ಮೂಲೆಯಲ್ಲಿ ಒಂದು ಡಬ್ಬದಲ್ಲಿವೆ. ಪರೀಕ್ಷೆಗೆ ಮುಂದಿನ ವಾರ ಟೈಮ್ ಸಿಕ್ಕಿದೆ, ಮಗಳಿಗೂ ನನಗೂ. ಹೆಂಡತಿ ಇದನ್ನೆಲ್ಲ ಓದಿ, ಗ್ಯಾರೇಜ್ ಅಜ್ಜನದೇ ಇರುವವರೆಗೆ ಸರಿ ಅಂದಳು. ನಮ್ಮ ಮನೆಗೆ ಪಾತ್ರೆ ಬರಲ್ಲ.

ಈಗ ಸ್ವಂತಕ್ಕೆ ಒಂದು ಅಚ್ಚು ಕೊಳ್ಳಬೇಕು. ಅಲ್ಯೂಮಿನಿಯಂ ತಗೊಳ್ಳಲಾ, ಕಬ್ಬಿಣ ತಗೊಳ್ಳಲಾ?

ಟೆಕ್ಸಾಸ್_ತಿಪಟೂರು

ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಹಗುರ, ಅಗ್ಗ. ಒರಟಾಗಿ ಬಡಿದರೆ ಹಾಳಾಗುತ್ತದೆ. ಕಬ್ಬಿಣ ಭಾರ, ತುಕ್ಕು ಹಿಡಿಯುತ್ತದೆ, ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಶುರುವಿಗೆ ಒಂದು ಸಲಕ್ಕೆ ಎರಡು ಗುಂಡು ಬರುವ ಅಲ್ಯೂಮಿನಿಯಂ ಸಾಕು.

ಆದರೆ ಕೊಳ್ಳುವ ಮುಂಚೆ ನಿಮ್ಮ ರಿವಾಲ್ವರಿನ ಸಿಲಿಂಡರ್ ಬಾಯಿ, ಅಂದರೆ ಗುಂಡು ನಳಿಗೆಯತ್ತ ಹೊರಡುವ ತೂತು, ಅಳೆಯಿರಿ. ರಿವಾಲ್ವರ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಮೆತ್ತಗಿನ ಸೀಸದ ತುಂಡನ್ನು ಆ ಬಾಯಿಯಲ್ಲಿ ತೂರಿಸಿ, ಮೈಕ್ರೋಮೀಟರಿನಲ್ಲಿ ಅಳತೆ ತೆಗೆಯಿರಿ. ಗುಂಡು ಅದಕ್ಕೆ ಸರಿಯಾಗಿ ಕೂರಬೇಕು, ನಳಿಗೆಯೊಳಗಿನ ತೋಡುಗಳ ಅಳತೆಗಿಂತ ಒಂದು ಕೂದಲೆಳೆ ದಪ್ಪ ಇರಬೇಕು. ಪಾಯಿಂಟ್ 38ಕ್ಕೆ ಸಾಮಾನ್ಯವಾಗಿ 0.358 ಇಂಚು ನಡೆಯುತ್ತದೆ, ಎಲ್ಲದಕ್ಕೂ ಅಲ್ಲ. ಸಡಿಲ ಇದ್ದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಅಳತೆ ಬಂದ ಮೇಲೆ ಇಲ್ಲಿ ಹಾಕಿ, ಯಾವ ಅಚ್ಚು ಅಂತ ಹೇಳುತ್ತೇನೆ.

ಬೆಳಗಾವಿ_ಫೌಂಡ್ರಿ

ಅಳೆಯುವುದಕ್ಕೆ ಕಡ್ಡಿ ಸಾಕಲ್ವಾ ಸರ?

ಟೆಕ್ಸಾಸ್_ತಿಪಟೂರು

ಹಹ್ಹ. ಮೈಕ್ರೋಮೀಟರ್ ನನ್ನದೂ ಇದೆ ಮಾರಾಯರೇ.